ಲೆಪ್ರಕಾನ್ ಬೇಕಾ, ಗುಮ್ಮ ಬೇಕಾ? ‘ಹೌ ಟು ಕ್ಯಾಚ್’ ಸರಣಿಯಲ್ಲಿ ನಿಮ್ಮ ಮಗುವಿಗೆ ಹೊಂದುವ ಪುಸ್ತಕ

ಮಾರ್ಚ್ ತಿಂಗಳ ಮೊದಲ ವಾರ. ನಮ್ಮ ದೊಡ್ಡವಳು ಆಗ ಕಿಂಡರ್‌ಗಾರ್ಟನ್‌ನಲ್ಲಿದ್ದಳು. ಶಾಲೆಯಿಂದ ಒಂದು ಚೀಟಿ ಬಂತು. ಮನೆಯವರೆಲ್ಲ ಸೇರಿ ಲೆಪ್ರಕಾನ್ ಹಿಡಿಯುವ ಬೋನು ಮಾಡಿ, 16ನೇ ತಾರೀಕಿನ ಒಳಗೆ ಕಳಿಸಿ ಅಂತ ಬರೆದಿತ್ತು. ನಾನು ಹುಟ್ಟಿ ಬೆಳೆದದ್ದು ಶಿವಮೊಗ್ಗದಲ್ಲಿ. ಇಲಿ ಬೋನು ಗೊತ್ತು, ಮೀನಿನ ಬಲೆ ಗೊತ್ತು, ಉರುಲು ಅಂದರೆ ಏನು ಅಂತಲೂ ಗೊತ್ತು. ಲೆಪ್ರಕಾನ್, ಅಂದರೆ ಐರ್ಲೆಂಡಿನ ಕಥೆಗಳಲ್ಲಿ ಬರುವ ಪುಟ್ಟ ಮಾಯದ ಮುದುಕ, ಮಾತ್ರ ಗೊತ್ತಿರಲಿಲ್ಲ. ಇಲ್ಲಿ ನ್ಯೂಜೆರ್ಸಿಯಲ್ಲಿ ಮನೆ ಹತ್ತಿರದ ಲೈಬ್ರರಿಗೆ ಹೋಗಿ ಕೇಳಿದೆ. ಅವರು ತೆಗೆದುಕೊಟ್ಟದ್ದು ‘ಹೌ ಟು ಕ್ಯಾಚ್ ಎ ಲೆಪ್ರಕಾನ್’. ಆ ರಾತ್ರಿ ಅದನ್ನು 4 ಸಲ ಓದಿದೆವು.

ಆಮೇಲೆ ಈ ಸರಣಿಯ ಪುಸ್ತಕಗಳು ಒಂದೊಂದಾಗಿ ಮನೆಗೆ ಬಂದವು. ಕೆಲವು ಲೈಬ್ರರಿಗೆ ವಾಪಸ್ ಹೋದವು, ಕೆಲವನ್ನು ಕೊಂಡು ಇಟ್ಟುಕೊಂಡೆವು. ಈಗ ಗೆಳತಿಯರು ಕೇಳುತ್ತಲೇ ಇರುತ್ತಾರೆ: ಮಗುವಿನ ಹುಟ್ಟುಹಬ್ಬಕ್ಕೆ ಇದರಲ್ಲಿ ಯಾವುದು ಕೊಡಲಿ? ರಟ್ಟಿನ ಮೇಲೆ ಎಲ್ಲವೂ ಒಂದೇ ಥರ ಕಾಣುತ್ತವೆ. ಬಣ್ಣ ಜಾಸ್ತಿ, ಮಿಂಚು ಜಾಸ್ತಿ, ನಡುವೆ ಒಂದು ವಿಚಿತ್ರ ಜೀವಿ. ಒಳಗೆ ಹೋದರೆ ವ್ಯತ್ಯಾಸ ಬಹಳ ಇದೆ. ಬೆಂಗಳೂರಿನಿಂದ ಆನ್‌ಲೈನ್‌ನಲ್ಲಿ ತರಿಸುವವರಿಗಂತೂ ಒಳಗಿನ ಹಾಳೆ ತಿರುವಿ ನೋಡುವ ಅವಕಾಶ ಇರುವುದಿಲ್ಲ. ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಚಿಕ್ಕ ಪರಿಚಯ. ಬರೆದವರು ಆಸ್ಟ್ರೇಲಿಯಾದ ಆಡಮ್ ವಾಲೇಸ್. ಚಿತ್ರ ಬರೆದವರು ಬ್ರಿಟನ್ನಿನ ಆಂಡಿ ಎಲ್ಕರ್ಟನ್. ಪ್ರಕಟಿಸುವವರು ಶಿಕಾಗೊ ಪಕ್ಕದ ನೇಪರ್‌ವಿಲ್‌ನ ಸೋರ್ಸ್‌ಬುಕ್ಸ್. 2016ರಲ್ಲಿ ಮೊದಲ ಪುಸ್ತಕಗಳು ಬಂದವು, ಈಗ 20ಕ್ಕೂ ಹೆಚ್ಚು ಇವೆ. ಹೆಚ್ಚಿನವುಗಳ ಹಂದರ ಒಂದೇ. ಯಾವುದೋ ಮಾಯದ ಜೀವಿ ಬರುತ್ತದೆ. ಮಕ್ಕಳು ಅದನ್ನು ಹಿಡಿಯಲು ಏನೇನೋ ಯಂತ್ರ ಕಟ್ಟುತ್ತಾರೆ. ಜೀವಿ ತಪ್ಪಿಸಿಕೊಳ್ಳುತ್ತದೆ. ಹೇಳುವುದೆಲ್ಲ ಪ್ರಾಸದ ಪದ್ಯದಲ್ಲಿ.

ಕಥೆ ಹೇಳುವವರು ಯಾರು?

ಆರಿಸುವಾಗ ನಾನು ಮೊದಲು ನೋಡುವುದು ಇದನ್ನೇ. ಲೆಪ್ರಕಾನ್, ಎಲ್ಫ್ (ಸಾಂಟಾನ ಪುಟ್ಟ ಸಹಾಯಕ), ಹಲ್ಲಿನ ಕಿನ್ನರಿ, ಈಸ್ಟರ್ ಮೊಲ (ಈಸ್ಟರ್ ಹಬ್ಬಕ್ಕೆ ಮೊಟ್ಟೆ ತಂದು ಬಚ್ಚಿಡುವ ಮೊಲ), ಈ ನಾಲ್ಕು ಪುಸ್ತಕಗಳಲ್ಲಿ ಮಾತಾಡುವುದು ಜೀವಿಯೇ. ‘ನಾನು ಬರ್ತೀನಿ, ನೀವು ಹಿಡೀರಿ ನೋಡೋಣ’ ಅನ್ನುವ ಧಾಟಿ. ಗುಮ್ಮನ ಪುಸ್ತಕದಲ್ಲಿ, ಅಂದರೆ ‘ಹೌ ಟು ಕ್ಯಾಚ್ ಎ ಮಾನ್‌ಸ್ಟರ್’ನಲ್ಲಿ, ಮಾತಾಡುವವನು ಹುಡುಗ.

ಇದರಿಂದ ಏನು ವ್ಯತ್ಯಾಸ ಅಂತ ನಿಮಗೆ ಅನ್ನಿಸಬಹುದು. ನನ್ನ ಅತ್ತಿಗೆ ಒಂದು ಸಲ ಕೇಳಿದರು: ‘ಪಾಪದ ಜೀವಿಗಳಿಗೆ ಬೋನು ಇಡುವುದನ್ನು ಯಾಕಮ್ಮಾ ಮಕ್ಕಳಿಗೆ ಹೇಳಿಕೊಡ್ತೀಯಾ?’ ಒಳ್ಳೆಯ ಪ್ರಶ್ನೆ ಅದು. ನಾನೂ ಆ ಬಗ್ಗೆ ಯೋಚಿಸಿದ್ದೇನೆ. ಜೀವಿಯೇ ಕಥೆ ಹೇಳಿದಾಗ ಮಗುವಿನ ಮನಸ್ಸು ಎರಡೂ ಕಡೆ ಇರುತ್ತದೆ. ಬೋನು ಕಟ್ಟಿದ ಮಕ್ಕಳ ಜಾಣತನ ಇಷ್ಟವಾಗುತ್ತದೆ, ಆದರೆ ಆ ಪುಟ್ಟ ಮುದುಕ ತಪ್ಪಿಸಿಕೊಂಡಾಗ ಚಪ್ಪಾಳೆ ಬೀಳುತ್ತದೆ. ನಮ್ಮ ಚಿಕ್ಕವನಂತೂ ಒಂದೊಂದು ಹಾಳೆ ತಿರುವುವಾಗಲೂ ‘ಓಡು, ಓಡು’ ಅನ್ನುತ್ತಾನೆ. ಬೋನಿಗೆ ಬೀಳಬೇಕಾದವನ ಕಣ್ಣಿಂದ ಬೋನನ್ನು ನೋಡುವುದು ಸಣ್ಣ ಸಂಗತಿ ಅಲ್ಲ. ಆದ್ದರಿಂದ 3–4 ವರ್ಷದ, ಮನಸ್ಸು ಮೆತ್ತಗಿರುವ ಮಕ್ಕಳಿಗೆ ಈ ನಾಲ್ಕರಲ್ಲಿ ಒಂದನ್ನೇ ಮೊದಲು ಕೊಡಿ ಅನ್ನುತ್ತೇನೆ.

ಲೆಪ್ರಕಾನ್: ಕೈಗೆ ಕೆಲಸ ಬೇಕಾದ ಮಗುವಿಗೆ

ಇಡೀ ಸರಣಿಯಲ್ಲಿ ಒಂದೇ ಕೊಳ್ಳುವುದಾದರೆ ನನ್ನ ಆಯ್ಕೆ ಇದು.

ಐರ್ಲೆಂಡಿನ ಜನಪದ ಕಥೆಗಳಲ್ಲಿ ಲೆಪ್ರಕಾನ್ ಒಬ್ಬ ಒಂಟಿ ಚಮ್ಮಾರ. ಗಿಡದ ಮರೆಯಲ್ಲಿ ಕೂತು ಬೂಟು ಹೊಲಿಯುತ್ತಾನೆ. ಎಲ್ಲೋ ಒಂದು ಕೊಪ್ಪರಿಗೆ ಚಿನ್ನ ಬಚ್ಚಿಟ್ಟಿರುತ್ತಾನೆ. ಅವನನ್ನು ಹಿಡಿದರೆ ಚಿನ್ನದ ಜಾಗ ಹೇಳಲೇಬೇಕು. ಆದರೆ ಹಿಡಿದವರು ಅವನ ಮೇಲಿನ ಕಣ್ಣು ತೆಗೆಯಬಾರದು. ಒಂದು ಗಳಿಗೆ ಆಚೆ ನೋಡಿದರೂ ಮಾಯ. ಅಂದರೆ ಹಳೆಯ ಕಥೆಯಲ್ಲಿ ಬೋನು ಅಂದರೆ ಕಣ್ಣೇ. ಪೆಟ್ಟಿಗೆ, ಹಗ್ಗ, ಏಣಿ ಎಲ್ಲ ಬಂದದ್ದು ಅಮೆರಿಕದ ಮನೆ ಮತ್ತು ಶಾಲೆಗಳಲ್ಲಿ. ಮಾರ್ಚ್ 17, ಸೇಂಟ್ ಪ್ಯಾಟ್ರಿಕ್ ದಿನದ ಹಿಂದಿನ ರಾತ್ರಿ ಮಕ್ಕಳು ಬೋನು ಇಡುತ್ತಾರೆ. ಬೆಳಿಗ್ಗೆ ಎದ್ದರೆ ಹಸಿರು ಪುಟ್ಟ ಹೆಜ್ಜೆಗಳು, ಹಸಿರಾದ ಹಾಲು, ಚೆಲ್ಲಾಪಿಲ್ಲಿಯಾದ ಕುರ್ಚಿಗಳು. ಮಾಡುವವರು ದೊಡ್ಡವರು. ನಂಬುವವರು ಮಕ್ಕಳು. ಇನ್ನೊಂದು ವಿಷಯ: ಪುಸ್ತಕದಲ್ಲಿ ಅವನ ಅಂಗಿ ಹಸಿರು, ಆದರೆ 1831ರಲ್ಲಿ ಐರಿಷ್ ಲೇಖಕ ಸ್ಯಾಮ್ಯುಯೆಲ್ ಲವರ್ ಬರೆದ ವಿವರಣೆಯಲ್ಲಿ ಅವನದು ಕೆಂಪು ಕೋಟು. ಇದನ್ನು ಹೇಳಿದ್ದೇ ತಡ, ನಮ್ಮವಳು ಕೆಂಪು ಬಟ್ಟೆ ಹಾಕಿದ ಲೆಪ್ರಕಾನ್ ಬರೆಯಲು ಕೂತಳು.

ಪುಸ್ತಕದಲ್ಲಿ ಲೆಪ್ರಕಾನ್ ಆ ರಾತ್ರಿ ಮನೆಯಿಂದ ಮನೆಗೆ ಓಡುತ್ತಾನೆ. ಒಂದೊಂದು ಮನೆಯಲ್ಲೂ ಒಂದೊಂದು ಬಗೆಯ ಬೋನು. ಎಲ್ಕರ್ಟನ್ ಅವರ ಕೈಚಳಕ ಇಲ್ಲಿ ಚೆನ್ನಾಗಿ ಕಾಣುತ್ತದೆ. ಬೋನುಗಳನ್ನು ಸುಮ್ಮನೆ ಅಲಂಕಾರಕ್ಕೆ ಬರೆದಿಲ್ಲ. ಇದು ಬಿದ್ದರೆ ಅದು ಎಳೆಯುತ್ತದೆ, ಅದು ಎಳೆದರೆ ಇನ್ನೊಂದು ಮುಚ್ಚುತ್ತದೆ ಅನ್ನುವ ಸರಪಳಿಯನ್ನು ಮಗು ಬೆರಳಿಟ್ಟು ಹಿಂಬಾಲಿಸಬಹುದು. ನಮ್ಮವಳು ಹಾಗೆ ಹಿಂಬಾಲಿಸಿ, ಕೊನೆಗೆ ‘ಅಮ್ಮಾ, ಶೂ ಪೆಟ್ಟಿಗೆ ಕೊಡು’ ಅಂದಳು. ಐಸ್‌ಕ್ರೀಂ ಕಡ್ಡಿಗಳ ಏಣಿ, ಬಂಗಾರದ ಕಾಗದ ಸುತ್ತಿದ ಚಾಕೊಲೇಟ್ ನಾಣ್ಯ, ಮುಚ್ಚಳಕ್ಕೆ ಕಟ್ಟಿದ ದಾರ. ಮೊದಲ ಸಲ ಮುಚ್ಚಳ ಬೀಳಲೇ ಇಲ್ಲ. ದಾರ ಉದ್ದ ಇತ್ತು. ಅವಳೇ ಕತ್ತರಿಸಿ ಮತ್ತೆ ಕಟ್ಟಿದಳು. ಯಾಕೆ ಬೀಳಲಿಲ್ಲ ಅಂತ ಹುಡುಕುತ್ತಾ ಕೂತ ಆ ಅರ್ಧ ಗಂಟೆಯೇ ನನಗೆ ಈ ಪುಸ್ತಕದ ಬೆಲೆ.

ಮಾರನೇ ದಿನ ಪೆಟ್ಟಿಗೆ ಖಾಲಿ ಇದ್ದಾಗ ಅವಳು ಅಳಲಿಲ್ಲ. ಅದಕ್ಕೂ ಪುಸ್ತಕವೇ ಕಾರಣ. ಅವನು ಸಿಗುವುದಿಲ್ಲ, ಮುಂದಿನ ವರ್ಷ ಇನ್ನೂ ಒಳ್ಳೆಯ ಬೋನು ಮಾಡಬೇಕು ಅಂತ ಅವಳಿಗೆ ಮೊದಲೇ ಗೊತ್ತಿತ್ತು. ಪುಸ್ತಕ ಓದದೆ ಬೋನು ಮಾಡಿಸಿದ ಮನೆಗಳಲ್ಲಿ ಆ ಬೆಳಿಗ್ಗೆ ಅಳು ಕೇಳಿದ್ದೇನೆ.

ಎಲ್ಫ್ ಮತ್ತು ಈಸ್ಟರ್ ಮೊಲ

‘ಹೌ ಟು ಕ್ಯಾಚ್ ಆ್ಯನ್ ಎಲ್ಫ್’ ಕ್ರಿಸ್‌ಮಸ್ ಹಿಂದಿನ ರಾತ್ರಿಯ ಕಥೆ. ಸಾಂಟಾ ಜೊತೆ ಹೊರಟ ಎಲ್ಫ್ ಮನೆಮನೆಯಲ್ಲೂ ಬೋನುಗಳಿಂದ ತಪ್ಪಿಸಿಕೊಳ್ಳುತ್ತಾ ಹೋಗುತ್ತಾನೆ. ನಡೆ ಲೆಪ್ರಕಾನ್‌ದೇ. ಲೆಪ್ರಕಾನ್ ಈಗಾಗಲೇ ಮನೆಯಲ್ಲಿದ್ದರೆ ಇದನ್ನು ಕೊಳ್ಳುವುದು ಬೇಡ, ಡಿಸೆಂಬರ್‌ನಲ್ಲಿ ಲೈಬ್ರರಿಯಿಂದ ತಂದರೆ ಸಾಕು. ಒಂದು ಮಾತು ಮಾತ್ರ: ಸಾಂಟಾ ನಿಜ ಅಂತ ನಂಬುವ ಮಗುವಿಗೆ ಈ ಪುಸ್ತಕ ಹಬ್ಬ. ನಂಬದ ಮಗುವಿಗೆ ಅರ್ಧ ಖುಷಿ ಕಡಿಮೆ. ಈಸ್ಟರ್ ಮೊಲದ್ದೂ ಹಾಗೆಯೇ. ನಿಮ್ಮ ಮಗು ಶಾಲೆಯಲ್ಲೋ ಪಾರ್ಕಿನಲ್ಲೋ ಮೊಟ್ಟೆ ಹುಡುಕುವ ಆಟ ಆಡಿದ್ದರೆ ಸರಿ. ಊರಿನಲ್ಲಿರುವ ಅಕ್ಕನ ಮಗನಿಗೆ ಕಳಿಸಿದ್ದೆ, ಮೊಲಕ್ಕೂ ಮೊಟ್ಟೆಗೂ ಏನು ಸಂಬಂಧ ಅನ್ನುವಲ್ಲಿಗೇ ಓದು ನಿಂತುಹೋಯಿತು.

ಹಲ್ಲಿನ ಕಿನ್ನರಿ: ಹಲ್ಲು ಅಲ್ಲಾಡುವ ವಾರಕ್ಕೆ

ಇದನ್ನು ಕೊಡಲು ಸರಿಯಾದ ಹೊತ್ತು ಒಂದೇ. ಸುಮಾರು 6 ವರ್ಷಕ್ಕೆ ಮೊದಲ ಹಾಲುಹಲ್ಲು ಅಲ್ಲಾಡಲು ಶುರುವಾದಾಗ. ದಿಂಬಿನ ಕೆಳಗೆ ಹಲ್ಲು ಇಟ್ಟರೆ ಕಿನ್ನರಿ ಬಂದು ತೆಗೆದುಕೊಂಡು ದುಡ್ಡು ಇಡುತ್ತಾಳೆ ಅನ್ನುವುದು ಅಮೆರಿಕದ ನಂಬಿಕೆ. ಪುಸ್ತಕದಲ್ಲಿ ಅವಳನ್ನು ಹಿಡಿಯಲು ಮಕ್ಕಳು ಕಾದಿರುತ್ತಾರೆ.

ಕನ್ನಡದ ಮನೆಗೆ ಇದು ಒಳ್ಳೆಯ ಪುಸ್ತಕ ಅಂತ ನಾನು ಹೇಳುವುದಕ್ಕೆ ಕಾರಣ ಪುಸ್ತಕದ ಹೊರಗಿದೆ. ಓದಿದ ರಾತ್ರಿ ವಿಡಿಯೊ ಕಾಲ್‌ನಲ್ಲಿ ನನ್ನ ಅಮ್ಮ ಮೊಮ್ಮಗಳಿಗೆ ತಮ್ಮ ಕಾಲದ ಕಥೆ ಹೇಳಿದರು. ಬಿದ್ದ ಹಲ್ಲನ್ನು ಸಗಣಿ ಉಂಡೆಯೊಳಗೆ ಇಟ್ಟು ಹೆಂಚಿನ ಮೇಲೆ ಎಸೆಯುತ್ತಿದ್ದರಂತೆ. ಉಂಡೆ ಕೆಳಗೆ ಉರುಳಿ ಬಂದರೆ ಮತ್ತೆ ಎಸೆಯಬೇಕು. ಸ್ಪೇನ್ ದೇಶದಲ್ಲಿ ಹಲ್ಲು ತೆಗೆದುಕೊಂಡು ಹೋಗುವುದು ಪೆರೆಸ್ ಅನ್ನುವ ಇಲಿ ಅಂತ ನಾನು ಸೇರಿಸಿದೆ. ಕಿನ್ನರಿ, ಇಲಿ, ಹೆಂಚು, ಮೂರರಲ್ಲಿ ಯಾವುದು ಬೇಕು ಅಂತ ಕೇಳಿದರೆ ನಮ್ಮವಳು ಹೆಂಚೇ ಬೇಕು ಅಂದಳು. ಇಲ್ಲಿನ ಮನೆಗೆ ಹೆಂಚಿಲ್ಲ. ಬೇಸಿಗೆ ರಜೆಗೆ ಊರಿಗೆ ಹೋಗುವವರೆಗೂ ಹಲ್ಲನ್ನು ಕುಂಕುಮದ ಭರಣಿಯಲ್ಲಿ ಇಟ್ಟಿದ್ದೆವು.

ಗುಮ್ಮ: ಹೆದರುವ ಮಗುವಿಗೆ

‘ಹೌ ಟು ಕ್ಯಾಚ್ ಎ ಮಾನ್‌ಸ್ಟರ್’ ಹಬ್ಬದ ಪುಸ್ತಕ ಅಲ್ಲ. ವರ್ಷದ ಯಾವ ದಿನಕ್ಕೂ ಸಲ್ಲುತ್ತದೆ. ಅದೇ ಅದರ ಮೊದಲ ಲಾಭ. ನಿಂಜಾ ವೇಷ ಹಾಕಿದ ಹುಡುಗ ತನ್ನ ಬಟ್ಟೆ ಅಲಮಾರಿಯೊಳಗೆ ಇರುವ ಗುಮ್ಮನನ್ನು ಹಿಡಿಯಲು ಹೊರಡುತ್ತಾನೆ. ದಿನಾ ಹೆದರಿಸುತ್ತಿದ್ದವನನ್ನು ಇವತ್ತು ನಾನೇ ಹೆದರಿಸುತ್ತೇನೆ ಅನ್ನುವ ಹಟ ಅವನದು. ಒಳಗೆ ಹೋದರೆ ಗುಮ್ಮ ಹೆದರಿಸುವವನೇ ಅಲ್ಲ. ಬೋನಿನಿಂದ ಶುರುವಾದದ್ದು ಗೆಳೆತನದಲ್ಲಿ ನಿಲ್ಲುತ್ತದೆ.

ಲೆಪ್ರಕಾನ್ ಮಗುವಿನ ಕೈಗೆ ಕೆಲಸ ಕೊಟ್ಟರೆ ಇದು ಎದೆಗೆ ಧೈರ್ಯ ಕೊಡುತ್ತದೆ. ನಮ್ಮ ಚಿಕ್ಕವನು 4 ವರ್ಷದವನಿದ್ದಾಗ ಅಲಮಾರಿ ಬಾಗಿಲು ಅರ್ಧ ತೆರೆದಿದ್ದರೆ ಮಲಗುತ್ತಿರಲಿಲ್ಲ. ಪುಸ್ತಕ ಓದಿ ಮುಗಿಸಿ ಅವನಿಗೆ ‘ನಾಳೆ ಬಾ’ ಕಥೆ ಹೇಳಿದೆ. ನಮ್ಮೂರ ಕಡೆ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಆ ಎರಡು ಪದ ಬರೆದಿರುತ್ತಿದ್ದರು. ರಾತ್ರಿ ಬಂದ ದೆವ್ವ ಓದಿಕೊಂಡು ವಾಪಸ್ ಹೋಗುತ್ತದೆ, ಮಾರನೇ ರಾತ್ರಿ ಬಂದರೂ ಮತ್ತೆ ಅದೇ ಬರಹ. ಹಗ್ಗ ಇಲ್ಲ, ಪೆಟ್ಟಿಗೆ ಇಲ್ಲ, ಬರೀ ಅಕ್ಷರದ ಬೋನು. ಅವನು ಮೊದಲ ಸಲ ತಾನಾಗಿ ಕನ್ನಡ ಬರೆದದ್ದು ಆ ದಿನ. ಅಲಮಾರಿ ಬಾಗಿಲ ಮೇಲೆ ಆ ಹಾಳೆ ಈಗಲೂ ಇದೆ.

ಅಟ್ಟಿಸಿಕೊಂಡು ಹೋಗುವ ಪುಸ್ತಕಗಳು

ಉಳಿದವುಗಳಲ್ಲಿ ಕಥೆಗಿಂತ ಓಟ ಜಾಸ್ತಿ. ಯೂನಿಕಾರ್ನ್, ಅಂದರೆ ಒಂಟಿ ಕೊಂಬಿನ ಮಾಯದ ಕುದುರೆಯ ಪುಸ್ತಕದ ಓಟ ನಡೆಯುವುದು ಮೃಗಾಲಯದಲ್ಲಿ. ಯೂನಿಕಾರ್ನ್ ಹುಚ್ಚು ಇರುವ ಮಗುವಿಗೆ ಬೇರೆ ಕಾರಣ ಬೇಕಾಗಿಲ್ಲ, ಅದನ್ನೇ ಕೊಡಿ. ಡೈನೋಸಾರ್‌ನಲ್ಲಿ ಮಕ್ಕಳ ಗುರಿ ಶಾಲೆಯ ವಿಜ್ಞಾನ ಮೇಳ. ಟರ್ಕಿ ಕೋಳಿ ಮಾಯದ ಜೀವಿಯೇನಲ್ಲ. ಟರ್ಕಿ ಕೋಳಿಯ ಊಟಕ್ಕೆ ಹೆಸರಾದ ಅಮೆರಿಕದ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ನಾಟಕಕ್ಕೆ ಮುಂಚೆ ಶಾಲೆಯೊಳಗೆ ತಪ್ಪಿಸಿಕೊಂಡು ಓಡುವ ಕೋಳಿ ಅದು. ನಮ್ಮಂಥ ಸಸ್ಯಾಹಾರಿ ಮನೆಯ ಮಕ್ಕಳು ಆ ಕೋಳಿಯ ಪಕ್ಷ ವಹಿಸಿ ಕೇಳುತ್ತಾರೆ. ಮತ್ಸ್ಯಕನ್ಯೆಯದ್ದು ಕಡಲ ಕಥೆ. ನಮ್ಮಲ್ಲಿ ಒಂದೇ ಸಲ ಓದಿದ್ದು.

ಇವುಗಳಲ್ಲಿ ಕೊಳ್ಳುವಂಥದ್ದು ನನ್ನ ಪ್ರಕಾರ ಡ್ರ್ಯಾಗನ್. ಚೀನಾದ ಹೊಸ ವರ್ಷದ ಹಬ್ಬದಲ್ಲಿ ನಡೆಯುವ ಕಥೆ. ಕೊನೆಯಲ್ಲಿ ಅದೇ ಪದ್ಯ ಮ್ಯಾಂಡರಿನ್ ಭಾಷೆಯಲ್ಲೂ ಇದೆ. ಯುರೋಪಿನ ಕಥೆಗಳಲ್ಲಿ ಡ್ರ್ಯಾಗನ್ ಬೆಂಕಿ ಉಗುಳುವ ವೈರಿ. ಚೀನಾದವರಿಗೆ ಅದು ಮಳೆ ತರುವ, ಒಳ್ಳೆಯದು ಮಾಡುವ ಜೀವಿ. ಈ ವ್ಯತ್ಯಾಸ ನಮ್ಮ ಮಕ್ಕಳಿಗೆ ಬೇಗ ತಿಳಿಯುತ್ತದೆ. ಹಾವಿಗೆ ಹೆದರುತ್ತೇವೆ, ನಾಗರ ಪಂಚಮಿಗೆ ಹಾಲೂ ಎರೆಯುತ್ತೇವೆ, ಅಲ್ವಾ? ನಮ್ಮವಳು ಈ ಪುಸ್ತಕವನ್ನು ತರಗತಿಗೆ ಒಯ್ದು ಚೀನೀ ಗೆಳತಿಯಿಂದ ಹಿಂದಿನ ಹಾಳೆ ಓದಿಸಿಕೊಂಡು ಬಂದಳು.

ಗಟ್ಟಿಯಾಗಿ ಓದುವ ಬಗೆ

ಪುಸ್ತಕ ಯಾವುದೇ ಆಗಲಿ, ಓದುವ ಬಗೆ ಗೊತ್ತಿಲ್ಲದಿದ್ದರೆ ಅರ್ಧ ಸೊಗಸು ಹೋಗುತ್ತದೆ. ಇದು ನಾನು ಕಷ್ಟಪಟ್ಟು ಕಲಿತದ್ದು.

ಈ ಪದ್ಯಗಳಲ್ಲಿ ನಾಲ್ಕು ನಾಲ್ಕು ಸಾಲು. ಎರಡನೆಯ ಮತ್ತು ನಾಲ್ಕನೆಯ ಸಾಲಿನ ಕೊನೆಗೆ ಪ್ರಾಸ. ಒಂದನೆಯದಕ್ಕೂ ಮೂರನೆಯದಕ್ಕೂ ಪ್ರಾಸ ಕಾಯಬೇಡಿ, ಅಲ್ಲಿ ನಿಲ್ಲದೆ ಓಡಿ. ನಮ್ಮ ಪದ್ಯ ಮಾತ್ರೆಯ ಮೇಲೆ ನಡೆಯುತ್ತದೆ. ದೀರ್ಘ ಎರಡು, ಹ್ರಸ್ವ ಒಂದು ಅಂತ ನಾಲಿಗೆ ತಾನೇ ಲೆಕ್ಕ ಹಾಕುತ್ತದೆ. ಇಂಗ್ಲಿಷ್ ಪದ್ಯ ಒತ್ತಿನ ಮೇಲೆ ನಡೆಯುತ್ತದೆ. ಒಂದು ಸಾಲಿನಲ್ಲಿ ಮೂರೋ ನಾಲ್ಕೋ ಕಡೆ ಪೆಟ್ಟು ಬೀಳುತ್ತದೆ, ನಡುವಿನ ಅಕ್ಷರಗಳು ಬೇಗ ಜಾರಿಹೋಗುತ್ತವೆ. ಕನ್ನಡದ ನಾಲಿಗೆ ಎಲ್ಲ ಅಕ್ಷರಕ್ಕೂ ಸಮಾನ ಗೌರವ ಕೊಡುತ್ತದೆ. ಹಾಗೆ ಓದಿದರೆ ಪದ್ಯ ವರದಿಯ ಥರ ಕೇಳುತ್ತದೆ, ಮಗು ಎದ್ದುಹೋಗುತ್ತದೆ. ನಾನು ತೊಡೆ ಮೇಲೆ ತಾಳ ಹಾಕಿಕೊಂಡು ಓದಲು ಶುರು ಮಾಡಿದೆ. ತಾಳ ಬಿದ್ದ ಕಡೆ ಪದ ಎತ್ತಿ ಹೇಳುವುದು, ಉಳಿದದ್ದು ಮೆಲ್ಲಗೆ. ಒಂದೇ ವಾರದಲ್ಲಿ ಮಕ್ಕಳು ಪ್ರಾಸದ ಕೊನೆಯ ಪದವನ್ನು ನನಗಿಂತ ಮುಂಚೆ ಹೇಳತೊಡಗಿದರು. ನಿಮ್ಮ ಮಗು ಇನ್ನೂ ಇಂಗ್ಲಿಷ್ ಕಲಿಯುತ್ತಿದ್ದರೆ ಆ ಪದದ ಮುಂಚೆ ಒಂದು ಚಣ ನಿಲ್ಲಿಸಿ. ಪ್ರಾಸದ ಸುಳಿವು ಹಿಡಿದು ತಾನೇ ಊಹಿಸುತ್ತದೆ.

ಇಲ್ಲೇ ಇನ್ನೊಂದು ಮಾತು. 2021ರ ಸುಮಾರಿನಿಂದ ಬಂದ ಹೊಸ ಪುಸ್ತಕಗಳಲ್ಲಿ, ಜಿಂಜರ್‌ಬ್ರೆಡ್ ಮನುಷ್ಯನದ್ದೂ ಸೇರಿ, ಪದ್ಯ ಬರೆದವರು ಆಲಿಸ್ ವಾಲ್‌ಸ್ಟೆಡ್. ಕೊಳ್ಳುವಾಗ ಯಾರ ಹೆಸರಿದೆ ನೋಡಿಕೊಳ್ಳಿ. ನಾನು ಗಟ್ಟಿಯಾಗಿ ಓದುವಾಗ ವಾಲೇಸ್ ಅವರ ಮೊದಲಿನ ಪುಸ್ತಕಗಳು ಹೆಚ್ಚು ಸಲೀಸಾಗಿ ಉರುಳುತ್ತವೆ. ಬೇರೆಯವರ ಕಿವಿಗೆ ಬೇರೆ ಅನ್ನಿಸಬಹುದು.

ಹೆಸರು ಹತ್ತಿರ, ಪುಸ್ತಕ ಬೇರೆ

ಆನ್‌ಲೈನ್‌ನಲ್ಲಿ ಹುಡುಕಿದರೆ ಇದೇ ಥರದ ಹೆಸರಿನ ಬೇರೆ ಪುಸ್ತಕಗಳೂ ಬರುತ್ತವೆ. ‘ಹೌ ಟು ಕ್ಯಾಚ್ ಸಾಂಟಾ’ ಜೀನ್ ರೇಗನ್ ಅವರದು. ಅದು ಈ ಸರಣಿಯದಲ್ಲ, ಪ್ರಾಸದ್ದೂ ಅಲ್ಲ. ‘ಹೌ ಟು ಕ್ಯಾಚ್ ಎ ಸ್ಟಾರ್’ ಆಲಿವರ್ ಜೆಫರ್ಸ್ ಅವರ 2004ರ ಪುಸ್ತಕ. ನಕ್ಷತ್ರವೊಂದು ತನ್ನ ಗೆಳೆಯನಾಗಬೇಕು ಅಂತ ಆಸೆಪಟ್ಟ ಹುಡುಗನ ಕಥೆ. ಬೋನುಗಳ ಗಲಾಟೆ ಇಲ್ಲ, ಹಾಳೆ ತುಂಬ ಖಾಲಿ ಜಾಗ, ಕೆಲವೇ ಮಾತು. ತಪ್ಪಾಗಿ ತರಿಸಿಕೊಂಡರೂ ನಷ್ಟವಿಲ್ಲ. ಗದ್ದಲ ಇಷ್ಟಪಡದ, ಮಲಗುವ ಹೊತ್ತಿಗೆ ಶಾಂತವಾಗಬೇಕಾದ ಮಗುವಿಗೆ ನಾನು ಬೇಕಂತಲೇ ಅದನ್ನು ಕೊಡುತ್ತೇನೆ. ‘ಹೌ ಟು ಕ್ಯಾಚ್’ ಸರಣಿ ಮಲಗುವ ಮುಂಚೆ ಓದುವಂಥದ್ದಲ್ಲ. ಓದಿದ ಮೇಲೆ ಮಕ್ಕಳು ಮಂಚದಿಂದ ಇಳಿದು ಹಗ್ಗ ಹುಡುಕುತ್ತಾರೆ. ಶನಿವಾರ ಬೆಳಿಗ್ಗೆ ಓದಿ.

ಕನ್ನಡದಲ್ಲಿ ಇಂಥದ್ದು ಇಲ್ಲವಾ ಅಂತ ಕೇಳಿದರೆ ನನ್ನ ಉತ್ತರ ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’. ಬ್ರೌನಿಂಗ್ ಅವರ ಇಂಗ್ಲಿಷ್ ಪದ್ಯದ ಕಥೆಯನ್ನು ತುಂಗೆಯ ದಡಕ್ಕೆ ತಂದು, ನಾಲ್ಕು ಮಾತ್ರೆಯ ಕುಣಿತದಲ್ಲಿ ಬರೆದದ್ದು. ಇಲ್ಲಿ ಮಕ್ಕಳು ಮಾಯಗಾರನನ್ನು ಹಿಡಿಯುವುದಿಲ್ಲ, ಮಾಯಗಾರನೇ ಮಕ್ಕಳನ್ನು ಸೆಳೆದುಕೊಂಡು ಹೋಗುತ್ತಾನೆ. ದೊಡ್ಡವರು ಮಾತಿಗೆ ತಪ್ಪಿದ್ದಕ್ಕೆ ಸಿಕ್ಕ ದಂಡ ಅದು. ಕಥೆ ಭಾರವಾದದ್ದು. 6 ವರ್ಷ ದಾಟಿದ ಮಕ್ಕಳಿಗೆ ಓದಿ, ಓದಿದ ಮೇಲೆ ಪಕ್ಕದಲ್ಲೇ ಕೂತಿರಿ. ಪುಟ್ಟ ಮಕ್ಕಳಿಗೆ ಕನ್ನಡದ ಚಿತ್ರಪುಸ್ತಕ ಬೇಕಾದರೆ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಜಾಲತಾಣದಲ್ಲಿ ದುಡ್ಡಿಲ್ಲದೆ ಬೇಕಾದಷ್ಟು ಸಿಗುತ್ತವೆ.

ಕೊಳ್ಳುವುದಾ, ಎರವಲು ತರುವುದಾ

ಅಮೆರಿಕದಲ್ಲಿರುವವರು ಹಬ್ಬದ ಪುಸ್ತಕಗಳನ್ನು ಲೈಬ್ರರಿಯಿಂದ ತನ್ನಿ. ಆದರೆ ಹಬ್ಬದ ವಾರದಲ್ಲಿ ಹೋದರೆ ಕಪಾಟು ಖಾಲಿ. ಲೆಪ್ರಕಾನ್ ಬೇಕಾದರೆ ಫೆಬ್ರವರಿಯಲ್ಲೇ ಹೆಸರು ಬರೆಸಿಡಿ. ಕೊಳ್ಳುವುದಾದರೆ ವರ್ಷವಿಡೀ ಕೈಗೆ ಬರುವ ಗುಮ್ಮನನ್ನೋ ಡ್ರ್ಯಾಗನ್ನನ್ನೋ ಕೊಳ್ಳಿ. ಲೆಪ್ರಕಾನ್‌ಗೆ ಮಾತ್ರ ಈ ನಿಯಮ ಬಿಟ್ಟುಬಿಡಿ. ನಮ್ಮಲ್ಲಿ ಅದು ಆಗಸ್ಟ್‌ನಲ್ಲೂ ಹೊರಗೆ ಬರುತ್ತದೆ.

ಊರಿನಲ್ಲಿರುವ ಮಕ್ಕಳಿಗೆ ಕಳಿಸುವುದಾದರೆ ಗುಮ್ಮ ಮೊದಲು, ಹಲ್ಲಿನ ಕಿನ್ನರಿ ಎರಡನೆಯದು. ಎರಡಕ್ಕೂ ಹಬ್ಬದ ಹಿನ್ನೆಲೆ ವಿವರಿಸಬೇಕಾಗಿಲ್ಲ. ಕತ್ತಲೆಯ ಮೂಲೆಯೂ ಅಲ್ಲಾಡುವ ಹಲ್ಲೂ ಎಲ್ಲ ಮಕ್ಕಳಿಗೂ ಇವೆ. 2 ವರ್ಷದ ಕೂಸಿಗೆ ಯಾವುದನ್ನೂ ಈಗಲೇ ಕೊಡಬೇಡಿ. ಚಿತ್ರ ತುಂಬಾ ಕಿಕ್ಕಿರಿದಿರುತ್ತದೆ, ಕಣ್ಣು ಎಲ್ಲಿಡಬೇಕು ಅಂತ ಅದಕ್ಕೆ ತಿಳಿಯುವುದಿಲ್ಲ. 7 ದಾಟಿದ ಮಗುವಿಗೆ ಪದ್ಯ ಚಿಕ್ಕದಾಯಿತು ಅನ್ನಿಸಿದರೂ ಬೋನುಗಳ ಚಿತ್ರ ಎಷ್ಟು ನೋಡಿದರೂ ಬೇಸರವಾಗುವುದಿಲ್ಲ. ಪುಸ್ತಕದ ಜೊತೆ ಒಂದು ಖಾಲಿ ಶೂ ಪೆಟ್ಟಿಗೆ, ಒಂದು ಉಂಡೆ ದಾರ, ಮೊಂಡು ತುದಿಯ ಒಂದು ಕತ್ತರಿ ಇಟ್ಟು ಕೊಡಿ.